ಛತ್ರದವರು ‘ಓಪನ್ ಹೌಸ್’ಗೆ ಕರೆದಿದ್ದಾರೆ, ಹೋದಾಗ ಏನೇನು ನೋಡ್ಕೊಂಡು ಬರಬೇಕು?

ಕುಕ್ಕರಹಳ್ಳಿ_ವಾಕಿಂಗ್

ಎಲ್ಲರಿಗೂ ನಮಸ್ಕಾರ. ತಂಗಿ ಮದುವೆ ಗೊತ್ತಾಗಿದೆ. ಮುಂದಿನ ಮಾಘದಲ್ಲಿ, ಫೆಬ್ರವರಿ ಮೂರನೇ ವಾರ. ಗಂಡಿನ ಕಡೆಯವರು ಮಂಡ್ಯ, ನಾವು ಮೈಸೂರು. ಹಿಂದಿನ ಸಂಜೆ ಆರತಕ್ಷತೆ, ಮಾರನೇ ಬೆಳಗ್ಗೆ ಧಾರೆ. ಎರಡೂ ಕಡೆ ಸೇರಿ 800 ಜನ ಅಂತ ಅಂದಾಜು. ಅಪ್ಪ ಇಲ್ಲ, ಓಡಾಟ ಎಲ್ಲ ನಾನು ಮತ್ತು ಚಿಕ್ಕಪ್ಪ.

ರಿಂಗ್ ರಸ್ತೆ ಆಚೆ ಹೊಸದಾಗಿ ಕಟ್ಟಿರೋ ಒಂದು ಕನ್ವೆನ್ಷನ್ ಹಾಲ್‌ನವರು ಈ ಭಾನುವಾರ ಓಪನ್ ಹೌಸ್ ಇಟ್ಟಿದ್ದಾರೆ. ಬೆಳಗ್ಗೆ 10ರಿಂದ ಸಂಜೆ 6. ಮಂಟಪ ಅಲಂಕಾರ ಮಾಡಿ ತೋರಿಸ್ತಾರಂತೆ, ಊಟದ ರುಚಿ ನೋಡಬಹುದಂತೆ, ಫೋಟೋದವರು, ಮೆಹಂದಿಯವರು ಎಲ್ಲ ಅಲ್ಲೇ ಇರ್ತಾರಂತೆ. ಅವತ್ತೇ ಅಡ್ವಾನ್ಸ್ ಕೊಟ್ಟರೆ ಬಾಡಿಗೆಯಲ್ಲಿ 25,000 ಕಡಿಮೆ. ಚಿಕ್ಕಪ್ಪ “ಹೋಗಿ ತಿಂದಾದ್ರೂ ಬರೋಣ” ಅಂತಿದ್ದಾರೆ. ನನಗೆ ಭಯ, ಅಲ್ಲಿನ ಲೈಟು ಹೂವು ನೋಡಿ ಅಮ್ಮ ಅಲ್ಲೇ ಹೂಂ ಅಂದುಬಿಟ್ಟರೆ ಅಂತ. ಮೊದಲ ಸಲ ಛತ್ರ ನೋಡ್ತಿರೋದು. ಏನು ಕೇಳಬೇಕು, ಏನು ನೋಡಬೇಕು ದಯವಿಟ್ಟು ಹೇಳಿ.

ಅಜ್ಜಿಮನೆ_ಹಿತ್ತಲು

ಹೋಗಿ ಬಾರಪ್ಪ, ತಪ್ಪೇನಿಲ್ಲ. ಆದರೆ ಆಷಾಢದಲ್ಲೇ ಯಾಕೆ ಇಟ್ಟಿದ್ದಾರೆ ಅಂತ ಒಂದು ಯೋಚನೆ ಮಾಡು. ಆಷಾಢದಲ್ಲಿ ಮದುವೆ ಇಲ್ಲ, ಹಾಲ್ ಬಿಕೋ ಅಂತಿರುತ್ತೆ. ಈ 2026ರಲ್ಲಿ ಅಧಿಕ ಜ್ಯೇಷ್ಠ ಬೇರೆ ಬಂದು ಮೇ 17ರಿಂದ ಜೂನ್ 15ರವರೆಗೂ ಮುಹೂರ್ತ ಇರಲಿಲ್ಲ. ಅವರಿಗೂ ಕೈಗೆ ದುಡ್ಡು ಬರಬೇಕಲ್ಲ. ಅಂದರೆ ನಿನಗಿಂತ ಅವಸರ ಅವರಿಗೇ ಜಾಸ್ತಿ. ಆ 25,000 ಎಲ್ಲೂ ಓಡಿಹೋಗಲ್ಲ.

ಖಾಲಿ ಛತ್ರ ನೋಡೋದು ಹೆಣ್ಣು ನೋಡೋ ಶಾಸ್ತ್ರದ ಹಾಗೆ. ಅವತ್ತು ಎಲ್ಲರೂ ಚೆನ್ನಾಗೇ ಇರ್ತಾರೆ, ಉಪ್ಪಿಟ್ಟು ಕೇಸರಿಬಾತೂ ಚೆನ್ನಾಗೇ ಇರುತ್ತೆ. ನಮ್ಮ ದೊಡ್ಡ ಮಗಳ ಮದುವೆಗೆ ನಾವು ಛತ್ರ ನೋಡಿದ್ದು ಒಂದು ಮಂಗಳವಾರ ಮಧ್ಯಾಹ್ನ. ತಣ್ಣಗಿತ್ತು, ನೆಲ ಫಳಫಳ ಅಂತಿತ್ತು. ಊಟದ ಹಾಲ್ ನೆಲಮಾಳಿಗೆಯಲ್ಲಿದೆ ಅಂತ ಗೊತ್ತಿತ್ತು. ಆದರೆ ಇಳಿಯೋಕೆ ಇರೋದು ಒಂದೇ ಮೆಟ್ಟಿಲು ಅನ್ನೋದರ ಅರ್ಥ ತಿಳಿದಿದ್ದು ಮದುವೆ ದಿನ. ಉಂಡು ಹತ್ತೋರು, ಹಸಿದು ಇಳಿಯೋರು, ಎಲ್ಲ ಅದರಲ್ಲೇ. ನಮ್ಮತ್ತೆಯವರನ್ನ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಇಳಿಸಿದ್ರು. ಆಲ್ಬಮ್‌ನಲ್ಲಿ ಆ ಫೋಟೋನೂ ಇದೆ, ದೇವರ ಉತ್ಸವದ ಹಾಗೆ.

ಆಮೇಲಿಂದ ನಾನು ಛತ್ರಕ್ಕೆ ಹೋದರೆ ಮಂಟಪದ ಕಡೆ ತಿರುಗಿಯೂ ನೋಡಲ್ಲ, ಸೀದಾ ಊಟದ ಹಾಲ್. ಒಂದು ಪಂಕ್ತಿಗೆ ಎಷ್ಟು ಎಲೆ? 200 ಅಂದುಕೋ. ನಿಮ್ಮದು 800 ಜನ, ನಾಲ್ಕು ಪಂಕ್ತಿ. ಕೂತು, ಬಡಿಸಿ, ಉಂಡು, ಎಲೆ ತೆಗೆದು, ಒರೆಸಿ ಮತ್ತೆ ಎಲೆ ಹಾಕೋಕೆ 40 ನಿಮಿಷ ಬೇಕೇ ಬೇಕು. ಹನ್ನೆರಡಕ್ಕೆ ಶುರುಮಾಡಿದರೆ ಕೊನೇ ಪಂಕ್ತಿ ಏಳೋದು 2 ಗಂಟೆ 40 ನಿಮಿಷಕ್ಕೆ. ಅದರಲ್ಲೇ ನಾವು ಮನೆಯವರು ಕೂರೋದು. ಅಷ್ಟರಲ್ಲಿ ಛತ್ರದವರು “ಮೂರಕ್ಕೆ ಖಾಲಿ ಮಾಡಬೇಕು ಸಾರ್” ಅಂತ ಬಾಗಿಲಲ್ಲಿ ನಿಂತಿರ್ತಾರೆ. ಈ ಲೆಕ್ಕ ಅಲ್ಲೇ ನಿಂತು ಹಾಕು.

ಕೈತೊಳೆಯೋ ನಲ್ಲಿ ಎಣಿಸು. ನಗಬೇಡ. 200 ಜನ ಒಟ್ಟಿಗೆ ಎದ್ದಾಗ ಆರು ನಲ್ಲಿ ಇದ್ದರೆ ಏನಾಗುತ್ತೆ ಅಂತ ಯೋಚಿಸು. ಮತ್ತೆ ಕೋಣೆಗಳಿಗೆ ಹೋಗಿ ಎಲ್ಲ ಕೋಣೆ ನಲ್ಲೀನೂ ಒಟ್ಟಿಗೆ ತಿರುಗಿಸಿ ನೋಡು, ನೀರು ಸಣ್ಣಗೆ ಬರುತ್ತಾ ಅಂತ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರಿಗೂ ಒಂದೇ ಸಲ ಸ್ನಾನ ಆಗಬೇಕು.

ಒಗ್ಗರಣೆ_ಸೌಟು

ಅಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು. ನಮ್ಮಪ್ಪ ಅಡುಗೆ ಕಂಟ್ರಾಕ್ಟ್ ಮಾಡ್ತಿದ್ರು, ಈಗ ನಾನು. ಹಿಂದುಗಡೆಯಿಂದ ನೋಡಿದ್ದನ್ನ ಹೇಳ್ತೀನಿ.

ಛತ್ರ ನೋಡೋಕೆ ಬಂದವರಲ್ಲಿ ಅಡುಗೆಮನೆಗೆ ಕಾಲಿಡೋರು ತುಂಬಾ ಕಡಿಮೆ. ಇಟ್ಟರೂ ಬಾಗಿಲಲ್ಲೇ ನಿಂತು “ಹಾಂ, ದೊಡ್ಡದಾಗಿದೆ” ಅಂತ ಹೋಗ್ತಾರೆ. ಒಳಗೆ ಬನ್ನಿ. ಒಲೆ ಎಷ್ಟಿದೆ, ಹೊಗೆ ಹಬೆ ಎಲ್ಲಿಂದ ಹೋಗುತ್ತೆ, ಅನ್ನ ಬಸಿದ ಗಂಜಿ ಯಾವ ಮೋರಿಗೆ ಬೀಳುತ್ತೆ ನೋಡಿ. ಮೋರಿ ಕಟ್ಟಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಬಡಿಸೋ ಹುಡುಗರು ಪಾದ ಮುಳುಗೋ ನೀರಲ್ಲಿ ಸಾಂಬಾರ್ ಬಕೆಟ್ ಹಿಡಿದು ಓಡಾಡ್ತಾರೆ. ಒಬ್ಬ ಜಾರಿದರೆ ಮುಗೀತು. ಅಡುಗೆಮನೆಗೂ ಊಟದ ಹಾಲ್‌ಗೂ ದೂರ ಎಷ್ಟು, ನಡುವೆ ಮೆಟ್ಟಿಲಿದೆಯಾ ಅನ್ನೋದು ನಿಮ್ಮ ಎಲೆ ಮೇಲೆ ಬೀಳೋ ಅನ್ನ ಬಿಸಿ ಇರುತ್ತೋ ಇಲ್ಲವೋ ಅನ್ನೋದನ್ನ ಹೇಳಿಬಿಡುತ್ತೆ.

ಗ್ಯಾಸು ಯಾರದು ಅಂತ ಕೇಳಿ. ಮದುವೆ ಅಡುಗೆಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ರೇ ಆಗಬೇಕು, ಮನೆಯ 14.2 ಕೆಜಿದು ತಂದು ಕೂರಿಸೋ ಹಾಗಿಲ್ಲ. ಕೆಲವು ಕಡೆ ಅದು ಬಾಡಿಗೆಯಲ್ಲೇ ಸೇರಿರುತ್ತೆ, ಕೆಲವು ಕಡೆ ನಾವೇ ತರಬೇಕು.

ಉಗ್ರಾಣಕ್ಕೆ ಬೀಗ ಇದೆಯಾ, ಆ ಬೀಗಕ್ಕೆ ಇನ್ನೊಂದು ಕೀ ಯಾರ ಹತ್ರ ಇದೆ? ಇದಕ್ಕಿಂತ ಹೆಚ್ಚು ಹೇಳಲ್ಲ, ತುಪ್ಪದ ಡಬ್ಬ ಕಳಕೊಂಡವರಿಗೆ ಅರ್ಥ ಆಗುತ್ತೆ.

ಪಾತ್ರೆ ಪಟ್ಟಿ ಕೇಳಿ. ಕೊಪ್ಪರಿಗೆ, ಬಾಣಲೆ, ಜಾಲರಿ, ಬಕೆಟ್ಟು, ಎಲ್ಲ ಎಣಿಸಿ ತಗೊಂಡು ಎಣಿಸಿ ಕೊಡಬೇಕು. ಕಡಿಮೆ ಬಿದ್ದಿದ್ದಕ್ಕೆ ಡಿಪಾಸಿಟ್‌ನಲ್ಲಿ ಹಿಡಿತಾರೆ.

ಇನ್ನು ಅವತ್ತಿನ ರುಚಿ ನೋಡೋ ಊಟ. 60 ಜನಕ್ಕೆ ಮಾಡಿದ ಬಿಸಿಬೇಳೆಬಾತ್ ರುಚಿ ನೋಡಿ 800 ಜನದ ಊಟ ಒಪ್ಪಿಸಬೇಡಿ. ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕಿಕೊಳ್ತಿದ್ದೀನಿ, ಆದ್ರೂ ಸತ್ಯ.

ಬೆಲ್ಲದಚ್ಚು

ಒಂದೇ ಕಾಂಪೌಂಡಲ್ಲಿ ಎರಡು ಹಾಲ್ ಇದೆಯಾ ನೋಡ್ಕೊಳ್ಳಿ. ನಮ್ಮ ಮಾವ ಮೇಲಿನ ಹಾಲ್‌ಗೆ ಹೋಗೋ ಬದಲು ಕೆಳಗಿನ ಹಾಲ್‌ಗೆ ಹೋಗಿ, ಸಾಲಲ್ಲಿ ನಿಂತು, 1,001 ಮುಯ್ಯಿ ಓದಿಸಿ, ಫೋಟೋ ತೆಗೆಸಿಕೊಂಡು, ಊಟ ಮಾಡಿ ಬಂದ್ರು. ಗೊತ್ತಾಗಿದ್ದು ಬಸ್ ಸ್ಟ್ಯಾಂಡಲ್ಲಿ, “ಹುಡುಗ ಇಷ್ಟು ಬೆಳ್ಳಗೆ ಯಾವಾಗ ಆದ” ಅಂತ ಅತ್ತೆಯನ್ನ ಕೇಳಿದಾಗ.

ತೆರಿಗೆ_ತಿಮ್ಮಣ್ಣ

ದುಡ್ಡಿನ ವಿಚಾರ ಯಾರೂ ಎತ್ತಲಿಲ್ಲ. ಓಪನ್ ಹೌಸ್‌ನಲ್ಲಿ ಹೇಳೋ ರೇಟು ಜಿಎಸ್‌ಟಿ ಸೇರಿಯೋ, ಬಿಟ್ಟೋ, ಇದೇ ಮೊದಲ ಪ್ರಶ್ನೆ. ಹಾಲ್ ಬಾಡಿಗೆಗೆ 18% ಬೀಳುತ್ತೆ. 2,50,000 ಅಂದರೆ ಮೇಲೆ 45,000. ಅವರು ಬಿಡ್ತೀನಿ ಅಂದ 25,000 ಅಲ್ಲೇ ನುಂಗಿಹೋಯ್ತು. ದೇವಸ್ಥಾನದ ಆವರಣದಲ್ಲಿ, ನೋಂದಾಯಿತ ಧಾರ್ಮಿಕ ಟ್ರಸ್ಟಿನ ಕಲ್ಯಾಣ ಮಂಟಪವಾಗಿ, ದಿನದ ಬಾಡಿಗೆ 10,000ಕ್ಕಿಂತ ಕಡಿಮೆ ಇದ್ದರೆ ಮಾತ್ರ ಆ ತೆರಿಗೆ ಇಲ್ಲ.

ಆಮೇಲೆ ಬಾಲಂಗೋಚಿಗಳು. ಕರೆಂಟು ಮೀಟರ್ ಪ್ರಕಾರ, ಜನರೇಟರ್ ಗಂಟೆ ಲೆಕ್ಕ, ಕ್ಲೀನಿಂಗ್ ಬೇರೆ, ಕಸ ಸಾಗಿಸೋದು ಬೇರೆ, ಹೊರಗಿನ ಅಲಂಕಾರದವರನ್ನ ಕರೆತಂದರೆ ಅವರಿಂದ ಇಷ್ಟು, ಹೆಚ್ಚು ಹೊತ್ತು ಇದ್ದರೆ ಗಂಟೆಗಿಷ್ಟು. ಎಲ್ಲ ಸೇರಿಸಿ ಒಂದೇ ಹಾಳೆಯಲ್ಲಿ ಬರೆದುಕೊಡಿ ಅನ್ನಿ. ಕೀ ತಗೊಳ್ಳೋವಾಗ ಮೀಟರಿನ ಫೋಟೋ, ವಾಪಸ್ ಕೊಡೋವಾಗ ಇನ್ನೊಂದು.

ದಿನ ಬದಲಾದರೆ ಅಡ್ವಾನ್ಸ್ ಗತಿ ಏನು ಅನ್ನೋದು ಬರವಣಿಗೆಯಲ್ಲಿ ಇರಲಿ. 2020ರ ಮೇನಲ್ಲಿ ಮದುವೆಗೆ 50 ಜನ ಮಾತ್ರ ಅಂದಾಗ ನಮ್ಮಣ್ಣನ ಅಡ್ವಾನ್ಸ್ ಒಂದು ಛತ್ರದಲ್ಲಿ ಸಿಕ್ಕಿಹಾಕಿಕೊಂಡಿತ್ತು. ರಸೀದಿ ಹಿಂದೆ ಸಣ್ಣಕ್ಷರದಲ್ಲಿ “ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ” ಅಂತಿತ್ತು. ಕೊನೆಗೆ ಬೇರೆ ದಿನ ಕೊಟ್ಟರು, ಆದರೆ ಎಂಟು ತಿಂಗಳು ಅಲೆದಾಟ. ಅಂಥ ಸಂದರ್ಭ ಬಂದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, 1915ಕ್ಕೆ ಫೋನ್ ಮಾಡಿಯೂ ಶುರುಮಾಡಬಹುದು. ಆದರೆ ರಸೀದಿ ಇದ್ದರೆ ಮಾತ್ರ ಇದೆಲ್ಲ.

ಗಿರ್ಮಿಟ್_ಮಿರ್ಚಿ

ನಮ್ಮ ಧಾರವಾಡ ಕಡೆ ಇದಕ್ಕ ಕಾರ್ಯಾಲಯ ಅಂತೀವ್ರಿ. ನಿಮ್ಮಲ್ಲೆ ಮಂದಿ ಬಂದು ಹೋಗಿ ಮಾಡ್ತಾರ. ನಮ್ಮಲ್ಲೆ ಹಂಗಲ್ಲ, ಅಕ್ಕಿಕಾಳು ಬೀಳೂತನ ಎಲ್ಲಾರೂ ಕೂತಿರ್ತಾರ, ಬಿದ್ದ ಕೂಡ್ಲೆ ಸಾವಿರ ಮಂದಿ ಒಮ್ಮೆಲೇ ಊಟಕ್ಕ ಏಳ್ತಾರ. ಹಿಂಗಾಗಿ ನಾವು ನೋಡೂದು ಬಾಗಲಾ. ಎಷ್ಟ್ ಅದಾವ, ಅದರಾಗ ಎಷ್ಟ್ ಖರೇನ ತೆರೀತಾವ, ಎಷ್ಟಕ್ಕ ಕುರ್ಚಿ ಒಟ್ಟಿ ಇಟ್ಟಾರ. ನಾ ನೋಡಿದ ಒಂದ್ ಕಾರ್ಯಾಲಯದಾಗ ನಾಕ್ ಬಾಗಲಾ ಇದ್ವು, ಎರಡಕ್ಕ ಸರಪಳಿ ಹಾಕಿ ಬೀಗ ಜಡದಿದ್ರು. ಕೀಲಿ ಎಲ್ಲೈತಿ ಅಂದ್ರ ಮಾಲಕರ ಮನ್ಯಾಗ ಅಂತ. ಬೆಂಕಿ ಗಿಂಕಿ ಹತ್ತಿದ್ರ ಮಾಲಕರ ಮನಿಗೆ ಹೋಗಿ ಕೇಳ್ಬೇಕೇನ್ರಿ?

ಥೇಮ್ಸ್_ದಂಡೆ_ಕನ್ನಡತಿ

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಓಪನ್ ಡೇ ಅನ್ನೋದು ಮಾಮೂಲು. ಭಾನುವಾರ ಹೋದರೆ ಮೇಜಿಗೆಲ್ಲ ಬಟ್ಟೆ, ಕುರ್ಚಿಗೆ ರಿಬ್ಬನ್ನು, ಹೂವಿನ ಕಮಾನು. ಮೊದಲ ಸಲ ನಾನೂ ಕರಗಿಹೋಗಿದ್ದೆ. ಆಮೇಲೆ ತಿಳೀತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವತ್ತು ಸ್ಟಾಲ್ ಹಾಕಿದ್ದ ಅಲಂಕಾರದವರದು, ಹಾಲ್‌ನದ್ದಲ್ಲ. ಆಮೇಲಿಂದ ನನ್ನ ಒಂದೇ ಪ್ರಶ್ನೆ: “ನಾಳೆ ಬೆಳಗ್ಗೆ ಬಂದರೆ ಇದರಲ್ಲಿ ಏನೇನು ಇಲ್ಲೇ ಇರುತ್ತೆ?” ನಿಮ್ಮ ಕನ್ವೆನ್ಷನ್ ಹಾಲ್‌ನಲ್ಲೂ ಇದನ್ನೇ ಕೇಳಿ.

ಇನ್ನೊಂದು, ಹೋಮ. ಇಲ್ಲಿ ಸಿವಿಲ್ ಮದುವೆಯಲ್ಲಿ ಧಾರ್ಮಿಕ ವಿಧಿ ಏನೂ ಬೆರೆಸೋ ಹಾಗಿಲ್ಲ. ಹಾಗಾಗಿ ನನ್ನ ತಮ್ಮನ ಮದುವೆಗೆ 28 ದಿನದ ನೋಟಿಸ್ ಕೊಟ್ಟು, ರಿಜಿಸ್ಟರ್ ಆಫೀಸಿನಲ್ಲಿ ಮೊದಲೇ ಸಹಿ ಮುಗಿಸಿ, ಶಾಸ್ತ್ರಕ್ಕೆ ಅಂತ ಬೇರೆ ದಿನ ಹಾಲ್ ತಗೊಂಡ್ವಿ. ಓಪನ್ ಡೇ ದಿನ ಎಲ್ಲ ಮೇಜಿನ ಮೇಲೂ ಮೇಣದ ಬತ್ತಿ ಉರೀತಿತ್ತು, ಬೆಂಕಿಗೆ ತಕರಾರಿಲ್ಲ ಅಂದುಕೊಂಡೆವು. ಅಡ್ವಾನ್ಸ್ ಕೊಟ್ಟಮೇಲೆ ಹೋಮಕುಂಡದ ಮಾತೆತ್ತಿದರೆ, ಗಾಜಿನೊಳಗಿನ ಬತ್ತಿ ಸರಿ, ಕುಂಡ ಆಗಲ್ಲ, ಹೊಗೆ ಸೆನ್ಸರ್ ಕೂಗುತ್ತೆ ಅಂದ್ರು. ಕೊನೆಗೆ ಹೊರಗೆ ಹೆಂಚಿನ ಮಾಡಿನ ಕೆಳಗೆ ಲಾಜಹೋಮ ಆಯ್ತು. ಪುರೋಹಿತರು ಪಂಚೆ ಮೇಲೆ ಜಾಕೆಟ್ ಹಾಕ್ಕೊಂಡು ಮಂತ್ರ ಹೇಳಿದ್ರು.

ನಿಮ್ಮ ಹಾಲ್ ಪೂರ್ತಿ ಎಸಿ ಅಂತಾದರೆ ಇದನ್ನ ಈಗಲೇ ಕೇಳಿ. ಸಾಧ್ಯವಾದರೆ ನಿಮ್ಮ ಪುರೋಹಿತರನ್ನೇ ಕರ್ಕೊಂಡು ಹೋಗಿ.

ಬೀಗದಕೈ_ನನ್ನಹತ್ರ

ನಾನು ಒಂದು ಛತ್ರದ ಮ್ಯಾನೇಜರು. ಯಾವ ಊರು ಅಂತ ಕೇಳಬೇಡಿ. ನಮ್ಮ ಕಷ್ಟಾನೂ ಸ್ವಲ್ಪ ಕೇಳಿ. ಓಪನ್ ಹೌಸ್ ಇಟ್ಟರೆ 15 ಜನ ಬರ್ತಾರೆ, 15 ಅಭಿಪ್ರಾಯ. ಒಬ್ಬರಿಗೆ ಮಂಟಪ ಪೂರ್ವಕ್ಕಿರಬೇಕು, ಇನ್ನೊಬ್ಬರಿಗೆ ಸೆಲ್ಫಿ ಜಾಗ ಬೇಕು, ದೊಡ್ಡವರಿಗೆ ಇನ್ನೊಂದು ಜಾಮೂನು ಬೇಕು. ಹೋಗೋವಾಗ “ಫೋನ್ ಮಾಡ್ತೀವಿ”. ಮಾಡಲ್ಲ.

ನಾಲ್ಕೇ ಜನ ಹೋಗಿ. ದಿನಾಂಕ, ಜನದ ಲೆಕ್ಕ, ಧಾರೆ ಎಷ್ಟು ಹೊತ್ತಿಗೆ ಅನ್ನೋ ಮೂರು ಕೈಯಲ್ಲಿರಲಿ. ಮೂರೂ ಹೇಳಿದವರನ್ನ ನಾವು ಬೇರೆ ಥರಾನೇ ನೋಡ್ತೀವಿ. ಬೆಳಗ್ಗೆ ಹತ್ತಕ್ಕೆ ಬೇಡ, ಸಂಜೆ ನಾಲ್ಕರ ಮೇಲೆ ಹೋಗಿ. ನಮಗೂ ಸುಸ್ತಾಗಿರುತ್ತೆ, ಸುಳ್ಳು ಹೇಳೋಕೆ ತ್ರಾಣ ಇರಲ್ಲ. (ತಮಾಷೆಗೆ ಹೇಳಿದೆ. ಅರ್ಧ.)

ಬಾಡಿಗೆಯಲ್ಲಿ ಚೌಕಾಸಿ ಮಾಡೋಕೆ ಹೋಗ್ತಾರೆ ಎಲ್ಲರೂ. ಬಾಡಿಗೆ ಇಳಿಸೋ ಅಧಿಕಾರ ನನಗಿಲ್ಲ, ಮಾಲೀಕರದು. ಆದರೆ ಹಿಂದಿನ ದಿನ ಮೂರರ ಬದಲು ಹನ್ನೆರಡಕ್ಕೇ ಕೀ ಕೊಡೋದು, ಎರಡು ಕೋಣೆ ಹೆಚ್ಚಿಗೆ, ಜನರೇಟರ್ ಮೊದಲ ಎರಡು ಗಂಟೆ ಬಿಟ್ಟಿ, ಇವು ನನ್ನ ಕೈಯಲ್ಲಿರುತ್ತೆ. ಹಿಂದಿನ ದಿನ ಮದುವೆ ಇಲ್ಲದಿದ್ದರೆ ಹನ್ನೆರಡಕ್ಕೆ ಕೊಡೋದಕ್ಕೆ ನಮಗೇನೂ ಖರ್ಚಿಲ್ಲ. ಅಲಂಕಾರದವರಿಗೆ ಆ ಮೂರು ಗಂಟೆ ಬಂಗಾರ.

ಆರತಕ್ಷತೆ ಹುಲ್ಲುಹಾಸಲ್ಲಿ ಇಡೋದಾದ್ರೆ ಎರಡು ಮಾತು. ರಾತ್ರಿ ಹತ್ತಾದ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ, ಆರ್ಕೆಸ್ಟ್ರಾದವರಿಗೆ ಮೊದಲೇ ಹೇಳಿರಿ. ಮಳೆ ಬಂದರೆ 800 ಜನ ಎಲ್ಲಿ ನಿಲ್ತಾರೆ ಅಂತ ಜಾಗ ತೋರಿಸಿ ಅನ್ನಿ.

ಮುಖ್ಯವಾಗಿ, ದಿನ ಹಿಡಿದಿಡೋಕೆ ಕೇಳಿ. ಪೂರ್ತಿ ಅಡ್ವಾನ್ಸ್ ಇಲ್ಲದೆ, ಸಣ್ಣ ಟೋಕನ್‌ಗೆ ಮೂರ್ನಾಲ್ಕು ವಾರ ಹಿಡಿದಿಡ್ತೀವಿ. ನಾವಾಗಿ ಹೇಳಲ್ಲ, ಕೇಳಿದವರಿಗೆ ಇಲ್ಲ ಅನ್ನಲ್ಲ.

ಅಜ್ಜಿಮನೆ_ಹಿತ್ತಲು

ಇದು ಮಾತು! ಹಿಡಿದಿಟ್ಟು, ಶ್ರಾವಣದ ಮೊದಲ ಮುಹೂರ್ತಕ್ಕೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಸುಮ್ಮನೆ ನಿಂತು ನೋಡು. ಊಟಕ್ಕೆ ಕೂರಬೇಡ, ಅದು ಮರ್ಯಾದೆಯಲ್ಲ.

ಕೊಡೆ_ಮರೆತವ

ಇಷ್ಟೆಲ್ಲ ಯಾಕೆ ಸಾರ್? 800 ಜನದಲ್ಲಿ ತಂಗಿಯ ಹೆಸರು ಸರಿಯಾಗಿ ಗೊತ್ತಿರೋರು ಎಷ್ಟು ಜನ? ದೇವಸ್ಥಾನದಲ್ಲಿ 100 ಜನ ಕರೆದು ಮುಗಿಸಿ. ನಮ್ಮದು ಹಾಗೇ ಆಯ್ತು.

ಕುಕ್ಕರಹಳ್ಳಿ_ವಾಕಿಂಗ್

ನನಗೂ ಆಸೆನೇ. ಮನೇಲಿ ಒಂದು ಸಲ ಹೇಳಿ ನೋಡಿದೆ. ಅಮ್ಮ “ನಾನು 30 ವರ್ಷದಿಂದ ಎಲ್ಲರ ಮನೆ ಮದುವೆ ಉಂಡಿದ್ದೀನಿ, ಒಂದು ಸಲ ನಾನೂ ಉಣ್ಣಿಸಬೇಡವಾ” ಅಂದ್ರು. ಮುಗೀತು ಅಲ್ಲಿಗೆ.

ಕುಕ್ಕರಹಳ್ಳಿ_ವಾಕಿಂಗ್

ಭಾನುವಾರ ಹೋಗಿಬಂದೆ. ನಾನು, ಅಮ್ಮ, ಚಿಕ್ಕಪ್ಪ, ಪುರೋಹಿತರು. ಸಂಜೆ ನಾಲ್ಕೂವರೆಗೆ.

ಒಳಗೆ ಕಾಲಿಟ್ಟ ತಕ್ಷಣ ಪನ್ನೀರು, ತಂಪು ಪಾನೀಯ, ಹಣೆಗೆ ಕುಂಕುಮ. ಮಂಟಪ ನಿಜಕ್ಕೂ ಚೆಂದ ಇತ್ತು, ಮಲ್ಲಿಗೆ ಮಾಲೆ ಸೂರಿನಿಂದ ನೆಲದವರೆಗೂ ಇಳಿಬಿಟ್ಟಿದ್ರು. ಅಮ್ಮನ ಕಣ್ಣಲ್ಲಿ ನೀರು. ನಾನು ರೆಡಿಂಗ್ ಮೇಡಂ ಪ್ರಶ್ನೆ ಕೇಳಿದೆ. ನಾಳೆ ಇರೋದು ಖಾಲಿ ವೇದಿಕೆ ಮತ್ತು ಎರಡು ಸಿಂಹಾಸನ ಕುರ್ಚಿ ಅಂತ ತಿಳೀತು. ಆ ಅಲಂಕಾರದ ರೇಟು ಕೇಳಿ ಅಮ್ಮನ ಕಣ್ಣೀರು ಒಣಗಿತು.

ಊಟದ ಹಾಲ್ ನೆಲಮಟ್ಟದಲ್ಲೇ ಇದೆ, 250 ಎಲೆ, ಎರಡು ಬಾಗಿಲು. ನಲ್ಲಿ 14, ಅಮ್ಮನೇ ಎಣಿಸಿದ್ದು. ಹೋಮಕ್ಕೆ ತೊಂದರೆ ಇಲ್ಲ, ಆ ಹೊತ್ತಿಗೆ ಮಂಟಪದ ಮೇಲಿನ ಎಸಿ ನಿಲ್ಲಿಸ್ತೀವಿ ಅಂದ್ರು, ಪುರೋಹಿತರು ಒಪ್ಪಿದ್ರು. ಅಡುಗೆಮನೆ ತೋರಿಸಿ ಅಂದಾಗ ಮಾತ್ರ ಮುಖ ಬದಲಾಯ್ತು. “ಇವತ್ತು ಒಳಗೆ ಕೆಲಸ ನಡೀತಿದೆ.” ಚಿಕ್ಕಪ್ಪ ಅಷ್ಟು ಹೊತ್ತಿಗೆ ಮೂರನೇ ಸಲ ಹೋಳಿಗೆ ಹಾಕಿಸಿಕೊಂಡು ಬಡಿಸೋ ಹುಡುಗನ ಸ್ನೇಹ ಬೆಳೆಸಿದ್ರು. ಅವನ ಹಿಂದೆಯೇ ಒಳಗೆ ಹೋಗಿಬಂದ್ರು. ಕೆಲಸ ಏನೂ ಇಲ್ಲ. ಊಟ ಹೊರಗಡೆಯಿಂದ ವ್ಯಾನಲ್ಲಿ ತಂದಿದ್ದಂತೆ! ಅಡುಗೆಮನೇಲಿ ಒಲೆಗೆ ಇನ್ನೂ ಗ್ಯಾಸ್ ಪೈಪ್ ಹಾಕಿಲ್ಲ.

25,000 ಬಗ್ಗೆ: ಜಿಎಸ್‌ಟಿ ಬೇರೆ, ಜೊತೆಗೆ ಊಟ ಅವರ ಕೇಟರಿಂಗ್‌ನವರದ್ದೇ ಆಗಬೇಕು. ಟೋಕನ್‌ಗೆ ಹಿಡಿದಿಡಲ್ಲ, ಇವತ್ತೇ 1 ಲಕ್ಷ ಅಂದ್ರು. ಕೊಡಲಿಲ್ಲ.

ಒಗ್ಗರಣೆ_ಸೌಟು

ಚಿಕ್ಕಪ್ಪನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ಬೀಗದಕೈ_ನನ್ನಹತ್ರ

ಫೆಬ್ರವರಿ ಹೊತ್ತಿಗೆ ಗ್ಯಾಸ್ ಪೈಪ್ ಹಾಕಿರ್ತಾರೆ, ಅದು ದೊಡ್ಡ ವಿಷಯ ಅಲ್ಲ. ತೋರಿಸದೆ ಇದ್ದಿದ್ದು ವಿಷಯ.

ಕುಕ್ಕರಹಳ್ಳಿ_ವಾಕಿಂಗ್

ಶ್ರಾವಣ ಬಂದಮೇಲಿನ ಸುದ್ದಿ. ಅದೇ ದಿನಕ್ಕೆ ಅಗ್ರಹಾರದ ಕಡೆ ಒಂದು ಹಳೇ ಛತ್ರ ಸಿಕ್ತು. 5,000 ಟೋಕನ್‌ಗೆ ಮೂರು ವಾರ ಹಿಡಿದಿಟ್ಟರು. ನಿನ್ನೆ ಅಲ್ಲಿ ಮದುವೆ ಇತ್ತು, ಒಂದು ಗಂಟೆಗೆ ಹೋಗಿ ಬಾಗಿಲ ಹತ್ರ ನಿಂತೆ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಅಂತ ಗೊತ್ತಾಗದೆ ಇಬ್ಬರೂ ಬಂದು “ಊಟ ಆಯ್ತಾ” ಅಂತ ಕೇಳಿದ್ರು. ಎರಡೂ ಕಡೆ ಆಯ್ತು ಅಂದೆ.

ಎರಡನೇ ಪಂಕ್ತಿ ಏಳ್ತಿತ್ತು. ಎಲೆ ತೆಗೆದು ಮತ್ತೆ ಹಾಕೋಕೆ ತಗೊಂಡಿದ್ದು 9 ನಿಮಿಷ. ಕರೆಂಟ್ ಹೋಯ್ತು, ಹದಿನೈದು ಸೆಕೆಂಡಲ್ಲಿ ಜನರೇಟರ್ ಬಂತು. ಆದರೆ ಅದು ಇರೋದು ವಧುವಿನ ಕೋಣೆಯ ಕಿಟಕಿ ಕೆಳಗೇ, ಒಳಗೆ ಮಾತಾಡಿದ್ದು ಕೇಳಿಸಲ್ಲ. ಕಾರು ನಿಲ್ಲಿಸೋಕೆ 20ಕ್ಕಿಂತ ಹೆಚ್ಚು ಜಾಗ ಇಲ್ಲ. ಶೌಚಾಲಯ ಹಳೇದು, ಆದರೆ ಒಬ್ಬ ಅಮ್ಮ ಅಲ್ಲೇ ಕೂತು ಪ್ರತಿ ಸಲ ನೀರು ಹಾಕ್ತಿದ್ರು. ಬೀಗರೂಟಕ್ಕೆ ಮಾಂಸ ಇಲ್ಲಿ ನಡೆಯಲ್ಲ, ಅದು ಹೇಗೂ ಮಂಡ್ಯದಲ್ಲಿ ಅವರ ತೋಟದ ಮನೇಲಿ.

ವಾಚ್‌ಮನ್ ಹತ್ರ ಮಾತಾಡಿದೆ. ನೀರು ಯಾವತ್ತಾದ್ರೂ ನಿಂತಿತ್ತಾ ಅಂದೆ. “ಎರಡು ವರ್ಷದ ಹಿಂದೆ ಬೋರ್ ಕೈಕೊಟ್ಟಿತ್ತು ಸಾರ್, ಟ್ಯಾಂಕರ್ ತರಿಸಿದ್ರು, ಮದುವೆಯವರಿಗೆ ಗೊತ್ತೇ ಆಗಲಿಲ್ಲ” ಅಂದ. ಇವತ್ತು ಬೆಳಗ್ಗೆ ಬುಕ್ ಮಾಡಿದ್ವಿ. ವಧುವಿಗೆ ಹಿಂದುಗಡೆಯ ಕೋಣೆ ಕೊಡ್ತೀವಿ ಅಂತ ಬರೆಸಿಕೊಂಡೆ.

ಅಜ್ಜಿಮನೆ_ಹಿತ್ತಲು

ಕಾರಿಗೆ ಹತ್ತಿರದ ಶಾಲೆ ಮೈದಾನ ಕೇಳಿ ನೋಡು. ಆರತಕ್ಷತೆ ಸಂಜೆ ಅಲ್ವಾ, ಶಾಲೆ ಬಿಟ್ಟಿರುತ್ತೆ. ಧಾರೆ ದಿನ ಯಾವ ವಾರ?

ಕುಕ್ಕರಹಳ್ಳಿ_ವಾಕಿಂಗ್

ಭಾನುವಾರ ಅಮ್ಮ. ಕೇಳ್ತೀನಿ. ಪಾತ್ರೆ ಪಟ್ಟಿನೂ ಈಗಲೇ ತಗೊಂಡೆ, ನಾಲ್ಕು ಪುಟ ಇದೆ. ಜಾಲರಿ 6 ಅಂತ ಬರೆದಿದ್ದಾರೆ, ಉಗ್ರಾಣದಲ್ಲಿ ಎಣಿಸಿದರೆ ಐದೇ ಇದೆ.

ಒಗ್ಗರಣೆ_ಸೌಟು

ಈಗಲೇ ಹೊಡೆದುಹಾಕಿಸಿ 5 ಅಂತ ಬರೆಸಿ, ಪಕ್ಕದಲ್ಲಿ ಸಹಿ ಹಾಕಿಸ್ಕೊಳ್ಳಿ. ಆ ಆರನೇ ಜಾಲರಿಗೆ ಎಷ್ಟು ಮದುವೆಯವರು ದುಡ್ಡು ಕಟ್ಟಿದ್ದಾರೋ.